ಅಡ್ಡಗಾಳಿಯಲ್ಲಿ ಇಳಿದ ವಿಮಾನ ಯಾಕೆ ಎಳೆಯಿತು? ಸೆಸ್ನಾ 172 ಓಡಿಸುವವರಿಗೆ ದೋಷ ಹುಡುಕುವ ಕೈಪಿಡಿ

ಸಣ್ಣ ವಿಮಾನವೊಂದು ಅಡ್ಡಗಾಳಿಯಲ್ಲಿ ಇಳಿದು ರನ್‌ವೇ ಬಿಟ್ಟು ಹುಲ್ಲಿಗೆ ಹೋಯಿತು ಅಂದರೆ ಸಂಜೆಯೊಳಗೆ ಎರಡು ಕಾರಣ ಓಡಾಡುತ್ತವೆ. ಒಂದು, "ಗಾಳಿ ಜೋರಿತ್ತು." ಇನ್ನೊಂದು, "ಹುಡುಗ ರಡ್ಡರ್ ಸರಿಯಾಗಿ ಹಾಕಲಿಲ್ಲ" (ರಡ್ಡರ್ ಅಂದರೆ ಕಾಲಿನ ಪೆಡಲ್‌ನಿಂದ ಮೂಗನ್ನು ಎಡಬಲ ತಿರುಗಿಸುವ ಬಾಲದ ಹಲಗೆ). ಎರಡೂ ನಿಜ ಇರಬಹುದು. ಆದರೆ ಮುಂದಿನ ಲ್ಯಾಂಡಿಂಗ್‌ಗೆ ಎರಡರಿಂದಲೂ ಉಪಯೋಗ ಇಲ್ಲ. ಅಮೆರಿಕದಲ್ಲಿ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿಯ ವರದಿಗಳಲ್ಲೂ ಇದೇ ಅರ್ಥದ ಸಾಲು ಪದೇ ಪದೇ ಸಿಗುತ್ತದೆ: ಅಡ್ಡಗಾಳಿಯಲ್ಲಿ ಇಳಿಯುವಾಗ ಪೈಲಟ್ ದಿಕ್ಕಿನ ಮೇಲೆ ಹಿಡಿತ ಕಳೆದುಕೊಂಡರು. ಏನಾಯಿತು ಅಂತ ಗೊತ್ತಾಯಿತು. ಯಾಕೆ ಅನ್ನೋದು ಹಾಗೇ ಉಳಿಯಿತು.

ಯಾಕೆ ಅಂತ ಹುಡುಕುವುದಕ್ಕೆ ಈ ಕೈಪಿಡಿ. ತರಬೇತಿ ಶಾಲೆಗಳಲ್ಲಿ ಮಾಮೂಲಿಯಾಗಿ ಸಿಗುವ ಸೆಸ್ನಾ 172 ಇಟ್ಟುಕೊಂಡು ಬರೆದಿದ್ದೇನೆ. ಪೈಪರ್ ಕಂಪನಿಯ ವಿಮಾನ ಬೇರೆ ಥರ ನಡೆದುಕೊಳ್ಳುವ ಕಡೆ ಅದನ್ನೂ ಹೇಳುತ್ತೇನೆ. ಗೊಂದಲ ಬೇಡ ಅಂತ ಒಂದೇ ರನ್‌ವೇ ಹಿಡಿದುಕೊಳ್ಳೋಣ: ಬೆಂಗಳೂರಿನ ಜಕ್ಕೂರು ಏರೋಡ್ರೋಮ್, ರನ್‌ವೇ 26. ಅಂದರೆ ಇಳಿಯುವ ದಿಕ್ಕು 260 ಡಿಗ್ರಿ, ಹೆಚ್ಚೂಕಡಿಮೆ ಪಡುವಣ. ಮಳೆಗಾಲದ ಗಾಳಿ ಪಡುವಣದಿಂದ, ನೈಋತ್ಯದಿಂದ ಬರುತ್ತದೆ. ಅಂದರೆ ಇಳಿಯುವವನಿಗೆ ಗಾಳಿ ಮುಂದಿನಿಂದ ಮತ್ತು ಎಡದಿಂದ. ಮುಂದೆ ಎಲ್ಲೇ "ಎಡ" ಅಂದರೂ ಅದು ಗಾಳಿ ಬರುವ ಕಡೆ, "ಬಲ" ಅಂದರೆ ಗಾಳಿ ಹೋಗುವ ಕಡೆ ಅಂತ ಓದಿಕೊಳ್ಳಿ.

ಮೊದಲ ಪ್ರಶ್ನೆ: ಯಾವ ಕಡೆ ಹೋಯಿತು?

ಗಾಳಿ ಎಷ್ಟಿತ್ತು ಅಂತ ಆಮೇಲೆ ಕೇಳಿ. ಮೊದಲು ವಿಮಾನ ಗಾಳಿಗೆ ಎದುರಾಗಿ ಎಡಕ್ಕೆ ತಿರುಗಿತೋ, ಗಾಳಿಯ ಜೊತೆ ಬಲಕ್ಕೆ ಹೋಯಿತೋ ಅಂತ ಗೊತ್ತಾಗಬೇಕು. ಇವೆರಡರ ಕಾರಣಗಳು ಬೇರೆ ಬೇರೆ. ಒಂದಕ್ಕೆ ಹೇಳುವ ಮದ್ದು ಇನ್ನೊಂದನ್ನು ಕೆಡಿಸುತ್ತದೆ. ಎಡಕ್ಕೆ ತಿರುಗಿದವನಿಗೆ "ಬಲ ರಡ್ಡರ್ ಇನ್ನೂ ಜಾಸ್ತಿ ಹಾಕು" ಅನ್ನಬಹುದು. ಬಲ ರಡ್ಡರ್ ಬಿಡದೆ ಮೂಗಿನ ಗಾಲಿ ಊರಿ ಬಲಕ್ಕೆ ಚಿಮ್ಮಿದವನಿಗೂ ಅದನ್ನೇ ಹೇಳಿದರೆ?

ಪೈಲಟ್‌ನ ನೆನಪನ್ನು ಪೂರ್ತಿ ನಂಬಬೇಡಿ. ಎಲ್ಲ ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿದಿರುತ್ತದೆ, ಕೊನೆಗೆ ವಿಮಾನ ನಿಂತ ಜಾಗವೇ ನೆನಪಿನಲ್ಲಿ ಉಳಿಯುತ್ತದೆ. ಎಡಕ್ಕೆ ತಿರುಗಿ, ಗಾಬರಿಯಲ್ಲಿ ಬಲಕ್ಕೆ ಒತ್ತಿ, ಬಲಗಡೆ ಹುಲ್ಲಿನಲ್ಲಿ ನಿಂತ ವಿಮಾನದ ಪೈಲಟ್ "ಬಲಕ್ಕೆ ಎಳೆಯಿತು ಸರ್" ಅಂತಲೇ ಹೇಳುವುದು. ಅದಕ್ಕೇ ರನ್‌ವೇ ನೋಡಬೇಕು. ಮಳೆ ಬರುವ ಮೊದಲು, ಟವರ್‌ನ ಅನುಮತಿ ತೆಗೆದುಕೊಂಡು, ಟೈರಿನ ಗುರುತುಗಳ ಫೋಟೊ ತೆಗೆಯಿರಿ.

ಗುರುತು ಓದುವುದು ಕಷ್ಟ ಅಲ್ಲ. ಉದ್ದಕ್ಕೆ ನೇರವಾಗಿ ಕಪ್ಪಾಗಿದ್ದರೆ ಬ್ರೇಕ್ ಹಿಡಿದ ಗಾಲಿ. ಗುರುತಿನೊಳಗೆ ಓರೆಯಾದ ಸಣ್ಣ ಗೀರುಗಳಿದ್ದರೆ ಗಾಲಿ ಉರುಳುತ್ತಲೇ ಅಡ್ಡಕ್ಕೆ ಜಾರಿದೆ. ಬಲ ಗಾಲಿಯದು ಮಾತ್ರ ಇದ್ದು ಎಡ ಗಾಲಿಯದು ಮಾಯವಾಗಿದ್ದರೆ ಎಡ ರೆಕ್ಕೆ ಎದ್ದಿತ್ತು ಅಂತ ಅರ್ಥ. ಮೊದಲ ಗುರುತು ಸೆಂಟರ್‌ಲೈನ್‌ನಿಂದ ಎಷ್ಟು ದೂರ ಇದೆ ಅಂತಲೂ ಅಳೆಯಿರಿ. ಅದು ಆಗಲೇ ಬಲಗಡೆಗೆ ಸರಿದಿದ್ದರೆ ಕಥೆ ನೆಲ ಮುಟ್ಟುವ ಮೊದಲೇ ಶುರುವಾಗಿದೆ.

ಎಡಕ್ಕೆ, ಗಾಳಿಯ ಮುಖಕ್ಕೆ ತಿರುಗಿದ್ದರೆ

ಮೂಗಿನ ಗಾಲಿ ಇರುವ ವಿಮಾನಗಳಲ್ಲಿ ಬಹಳ ಸಲ ಕಾಣುವುದು ಇದೇ. ಬಾಲದ ನೆಟ್ಟನೆಯ ಫಿನ್ ಮೇನ್ ವೀಲ್‌ಗಳಿಂದ, ಅಂದರೆ ಎಡಬಲದ ಎರಡು ಮುಖ್ಯ ಗಾಲಿಗಳಿಂದ, ಬಹಳ ಹಿಂದಿದೆ. ಗಾಳಿ ಅದನ್ನು ಬಲಕ್ಕೆ ತಳ್ಳುತ್ತದೆ, ಮೂಗು ಎಡಕ್ಕೆ ಬರುತ್ತದೆ. ಇದಕ್ಕೆ ರಡ್ಡರ್ ಹಾಕಬೇಕು ಅನ್ನೋದು ಎಲ್ಲರಿಗೂ ಗೊತ್ತು. ನನ್ನ ಪ್ರಕಾರ ನಿಜವಾದ ತಪ್ಪು ಬಹಳ ಸಲ ಕಾಲಿನಲ್ಲಿ ಇರುವುದಿಲ್ಲ, ಕೈಯಲ್ಲಿ ಇರುತ್ತದೆ.

ಆ ಮೂರು ಸೆಕೆಂಡುಗಳನ್ನು ನಿಧಾನವಾಗಿ ನೋಡಿ. ಎಡ ರೆಕ್ಕೆ ತುಸು ತಗ್ಗಿಸಿ, ಬಲ ರಡ್ಡರ್ ಹಿಡಿದು, ಪೈಲಟ್ ಚೆನ್ನಾಗಿಯೇ ಬಂದಿದ್ದಾನೆ. ಎಡ ಗಾಲಿ ಮೊದಲು ಮುಟ್ಟಿತು. ಬಲ ಗಾಲಿ ಆಮೇಲೆ. ಮೂಗು ಇಳಿಯಿತು. "ಇಳಿದಾಯ್ತು" ಅಂತ ಮನಸ್ಸು ಹಗುರವಾಗುತ್ತದೆ, ಯೋಕ್ (ಕೈಯಲ್ಲಿ ಹಿಡಿಯುವ ಚುಕ್ಕಾಣಿ) ಹಿಡಿದ ಕೈ ಸಡಿಲವಾಗುತ್ತದೆ, ಅದು ಆಡಿಸುವ ಏಲೆರಾನ್ (ರೆಕ್ಕೆಯನ್ನು ಏರಿಳಿಸುವ ಹಿಂಬದಿಯ ಹಲಗೆ) ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಆದರೆ ರೆಕ್ಕೆಯಲ್ಲಿ ಇನ್ನೂ ಲಿಫ್ಟ್ (ಮೇಲೆತ್ತುವ ಶಕ್ತಿ) ಇದೆ. ಮುಂದಿನ ಗಸ್ಟ್ (ಒಮ್ಮೆಗೇ ಬೀಸುವ ಜೋರು ಗಾಳಿ) ಬಂದಾಗ ಎಡ ರೆಕ್ಕೆ ಏಳುತ್ತದೆ, ತೂಕವೆಲ್ಲ ಬಲ ಗಾಲಿಗೆ ಹೋಗುತ್ತದೆ, ಎಡ ಗಾಲಿ ನೆಲದ ಮೇಲೆ ಬರೀ ತೇಲುತ್ತಿದೆ. ಫಿನ್ ಮೂಗನ್ನು ಎಡಕ್ಕೆ ಎಳೆಯುತ್ತದೆ. ಎಡಕ್ಕೆ ತಿರುಗಿದ ವಿಮಾನ ಬಲಕ್ಕೆ ವಾಲುತ್ತದೆ, ಗಾಳಿಯೂ ಅದನ್ನು ಬಲಕ್ಕೇ ವಾಲಿಸುತ್ತಿದೆ. ಎರಡೂ ಒಂದೇ ಕಡೆ. ಹಾಗಾಗಿ ಕೊನೆಗೆ ನೆಲಕ್ಕೆ ಉಜ್ಜುವುದು ಬಲ ರೆಕ್ಕೆಯ ತುದಿ. ವಿಮಾನ ಎಡಕ್ಕೆ ತಿರುಗಿದೆ, ಬಲ ರೆಕ್ಕೆತುದಿ ಸವೆದಿದೆ ಅಂದರೆ ಮೊದಲ ಅನುಮಾನ ಏಲೆರಾನ್ ಮೇಲೆ ಇರಲಿ.

ವೇಗ ಕಡಿಮೆ ಆದಂತೆ ಏಲೆರಾನ್‌ನ ಶಕ್ತಿ ಕಡಿಮೆಯಾಗುತ್ತದೆ. ಅದಕ್ಕೇ ಇಳಿದ ಮೇಲೆ ಯೋಕ್ ಅನ್ನು ಬಿಡುವುದಲ್ಲ, ಇನ್ನೂ ಎಡಕ್ಕೆ ತಿರುಗಿಸುತ್ತಾ ಹೋಗಬೇಕು. ಟ್ಯಾಕ್ಸಿ ವೇಗಕ್ಕೆ ಬರುವಾಗ ಅದು ಪೂರ್ತಿ ಎಡಕ್ಕೆ ಇರಬೇಕು. ಇನ್ನೊಂದು ಲಾಭ ಉಂಟು: ಎಡಕ್ಕೆ ತಿರುಗಿಸಿದಾಗ ಬಲ ಏಲೆರಾನ್ ಕೆಳಗಿಳಿದು ಆ ಕಡೆ ಡ್ರ್ಯಾಗ್ (ಗಾಳಿಯ ತಡೆ) ಹೆಚ್ಚುತ್ತದೆ. ಅದು ಮೂಗನ್ನು ಬಲಕ್ಕೆ ಎಳೆದು ರಡ್ಡರ್‌ಗೆ ಸ್ವಲ್ಪ ಸಹಾಯ ಮಾಡುತ್ತದೆ. ಪರೀಕ್ಷೆ ಸುಲಭ. ಮುಂದಿನ ಸಲ ಕಾಕ್‌ಪಿಟ್‌ನಲ್ಲಿ ಫೋನ್ ಕ್ಯಾಮೆರಾ ಕಟ್ಟಿ, ರನ್‌ವೇ ಬದಲು ಯೋಕ್ ಕಾಣುವ ಹಾಗೆ ಇಡಿ. ವಾದವೇ ಬೇಕಾಗುವುದಿಲ್ಲ.

ಏಲೆರಾನ್ ಸರಿಯಾಗಿತ್ತು, ಆದರೂ ಎಡಕ್ಕೆ ಸರ್ರನೆ ತಿರುಗಿತು ಅಂದರೆ ವೇಗ ಕೇಳಿ. 172ರ 172ಎಸ್ ಮಾದರಿ, ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಸುವ ಹಲಗೆ) ಪೂರ್ತಿ ಇಳಿಸಿದಾಗ, 40 ನಾಟ್‌ಗೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಲಿಫ್ಟ್ ಕಳೆದುಕೊಳ್ಳುತ್ತದೆ. 50 ನಾಟ್‌ಗೆ ನೆಲ ಮುಟ್ಟಬೇಕಾದ್ದು 65ಕ್ಕೆ ಮುಟ್ಟಿದರೆ ರೆಕ್ಕೆ ಕೊಡಬಲ್ಲ ಲಿಫ್ಟ್ ಸುಮಾರು 1.7 ಪಟ್ಟು. ಆ ವೇಗದಲ್ಲಿ ವಿಮಾನ ನೆಲದಲ್ಲಿ ಕೂರಲು ಒಪ್ಪುವುದಿಲ್ಲ. ಕೂರಿಸಬೇಕು ಅಂತ ಯೋಕ್ ಮುಂದಕ್ಕೆ ಒತ್ತುತ್ತಾರೆ. ಒತ್ತಿದಾಗ ಮೇನ್ ವೀಲ್‌ಗಳ ಮೇಲಿನ ಭಾರ ಹೋಗಿ ಮೂಗಿನ ಗಾಲಿಯೊಂದೇ ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಇಡೀ ವಿಮಾನ ಆ ಒಂದು ಗಾಲಿಯ ಸುತ್ತ ಗಾಳಿಯ ಕಡೆಗೆ ಗಿರಕಿ ಹೊಡೆಯುತ್ತದೆ. ಪೈಲಟ್‌ಗಳು ವೀಲ್‌ಬ್ಯಾರೋಯಿಂಗ್ ಅನ್ನುವುದು ಇದನ್ನೇ. ರನ್‌ವೇ ಮೇಲೆ ಮೂಗಿನ ಗಾಲಿಯ ಗುರುತು ಕಪ್ಪಾಗಿದ್ದು ಹಿಂದಿನ ಎರಡು ಮಸುಕಾಗಿದ್ದರೆ ಖಾತ್ರಿ. ಮದ್ದು: ಯೋಕ್ ಹಿಂದಕ್ಕೆ. ರಡ್ಡರ್ ಆಮೇಲೆ.

ಇಲ್ಲಿ ಒಂದು ಬಲೆ ಇದೆ. ಎಡಕ್ಕೆ ತಿರುಗುತ್ತಿರುವ ವಿಮಾನವನ್ನು ಗೋ ಅರೌಂಡ್ ಮಾಡಿ (ಇಳಿಯುವುದು ಬಿಟ್ಟು ಮತ್ತೆ ಮೇಲೇರಿ) ಉಳಿಸಿಕೊಳ್ಳೋಣ ಅಂತ ಥ್ರಾಟಲ್ ಪೂರ್ತಿ ಒತ್ತಿದರೆ ಪ್ರೊಪೆಲ್ಲರ್ ಕೂಡ ಮೂಗನ್ನು ಎಡಕ್ಕೇ ಎಳೆಯುತ್ತದೆ. ಎಡಗಾಳಿಯಲ್ಲಿ ಎರಡೂ ಸೇರಿಕೊಳ್ಳುತ್ತವೆ. ರನ್‌ವೇ ಅಂಚಿನಲ್ಲಿ ಎಡಕ್ಕೆ ಮುಖ ಮಾಡಿ, ಪೂರ್ತಿ ಪವರ್‌ನಲ್ಲಿ, ಫ್ಲಾಪ್ 30 ಡಿಗ್ರಿಯಲ್ಲೇ ಗಾಳಿಗೆ ಏರಿದ ವಿಮಾನದ ಗತಿ ಒಳ್ಳೆಯದಾಗುವುದು ಅಪರೂಪ. ಗೋ ಅರೌಂಡ್ ಬೇಕಾದರೆ ತಿರುಗುವ ಮೊದಲೇ, ನೇರ ಇರುವಾಗಲೇ ಮಾಡಬೇಕು. ಬಲ ರಡ್ಡರ್ ಜೊತೆಗೆ, ಫ್ಲಾಪ್ ತಕ್ಷಣ 20ಕ್ಕೆ, 172ಎಸ್ ಕೈಪಿಡಿ ಹೇಳುವಂತೆ 60 ನಾಟ್.

ಬಲಕ್ಕೆ, ಗಾಳಿಯ ಜೊತೆ ಹೋಗಿದ್ದರೆ

ಇದರ ಬೇರು ಬಹುಪಾಲು ನೆಲ ಮುಟ್ಟುವ ಮೊದಲೇ ಇರುತ್ತದೆ, ಮುಟ್ಟಿದ ಮೇಲಲ್ಲ. ಕ್ರ್ಯಾಬ್ ಹಾಕಿಕೊಂಡು, ಅಂದರೆ ಮೂಗನ್ನು ಎಡಕ್ಕೆ ಇಟ್ಟು, ಬಂದ ಪೈಲಟ್ ಕೊನೆಯಲ್ಲಿ ರಡ್ಡರ್ ಒತ್ತಿ ನೇರ ಮಾಡುತ್ತಾನೆ. ಒಂದು ಸೆಕೆಂಡ್ ಬೇಗ ನೇರ ಮಾಡಿ, ವೇಗ ಜಾಸ್ತಿ ಇದ್ದು ವಿಮಾನ ತೇಲಿದರೆ ಏನಾಗುತ್ತದೆ? 10 ನಾಟ್ ಅಡ್ಡಗಾಳಿ ಅಂದರೆ ಸೆಕೆಂಡಿಗೆ 5 ಮೀಟರ್. ವಿಮಾನ ತಕ್ಷಣ ಅಷ್ಟೇ ವೇಗ ಪಡೆಯುವುದಿಲ್ಲ, ಆದರೆ ತೇಲುತ್ತಾ ತೇಲುತ್ತಾ ಬಲಕ್ಕೆ ಸರಿಯುತ್ತದೆ. ಮುಟ್ಟಿದಾಗ ಗಾಲಿಗಳು ಅಡ್ಡಕ್ಕೆ ನೆಲ ಹಿಡಿಯುತ್ತವೆ. 172ರಲ್ಲಿ ತೂಕದ ಕೇಂದ್ರ ಮೇನ್ ವೀಲ್‌ಗಳಿಗಿಂತ ಮುಂದಿದೆ. ಹಾಗಾಗಿ ಗಾಲಿ ಹಿಡಿದಾಗ ಮೂಗು ಜಾರುತ್ತಿರುವ ಕಡೆಗೇ, ಬಲಕ್ಕೇ, ತಿರುಗುತ್ತದೆ. ಮೊದಲ ಗುರುತಿನಲ್ಲೇ ಓರೆ ಗೀರು ಇದ್ದು, ಅದು ಸೆಂಟರ್‌ಲೈನ್‌ನ ಬಲಕ್ಕಿದ್ದರೆ ಇದೇ ಕಥೆ.

ವಿಂಗ್ ಲೋ ವಿಧಾನದಲ್ಲಿ (ಎಡ ರೆಕ್ಕೆ ತಗ್ಗಿಸಿ ಬಲ ರಡ್ಡರ್ ಹಿಡಿದು ಬರುವುದು) ಈ ತೊಂದರೆ ಕಡಿಮೆ, ಯಾಕೆಂದರೆ ಸರಿಯುತ್ತಿದೆಯೋ ಇಲ್ಲವೋ ಅನ್ನೋದು ಫ್ಲೇರ್‌ಗೆ (ಮುಟ್ಟುವ ಮುನ್ನ ಮೂಗೆತ್ತುವ ಹಂತಕ್ಕೆ) ಮುಂಚೆಯೇ ಕಣ್ಣಿಗೆ ಕಾಣುತ್ತದೆ. ಸೆಸ್ನಾ ಕೈಪಿಡಿಯೂ ಇದರಲ್ಲೇ ಹಿಡಿತ ಚೆನ್ನಾಗಿರುತ್ತದೆ ಅನ್ನುತ್ತದೆ. ಯಾವ ವಿಧಾನ ಮೇಲು ಅಂತ ಜಗಳ ಆಡುವವರಿಗೆ ನಾನು ಹೇಳುವುದು ಇಷ್ಟೇ: ದೊಡ್ಡ ವಿಮಾನಕ್ಕೆ ಹೋದ ಮೇಲೆ ಕ್ರ್ಯಾಬ್ ಕಲಿಯಲು ಬೇಕಾದಷ್ಟು ಸಮಯ ಇದೆ. ಇನ್ನೊಂದು ಪರೀಕ್ಷೆಯೂ ಇದರಲ್ಲೇ ಸಿಗುತ್ತದೆ. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿದು ಬರುವಾಗ, ಬಲ ರಡ್ಡರ್ ಪೂರ್ತಿ ಒತ್ತಿದರೂ ಮೂಗು ರನ್‌ವೇಗೆ ನೇರ ಆಗದಿದ್ದರೆ ಇವತ್ತಿನ ಗಾಳಿ ಈ ವಿಮಾನಕ್ಕೆ ಜಾಸ್ತಿ. ಬೇರೆ ರನ್‌ವೇ ಹುಡುಕಿ. 172ಎಸ್‌ನಲ್ಲಿ ಫ್ಲಾಪ್ 20ಕ್ಕಿಂತ ಜಾಸ್ತಿ ಇಟ್ಟು ಹೀಗೆ ಪೂರ್ತಿ ರಡ್ಡರ್ ಹಾಕಿದರೆ ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಹಲಗೆ) ಸ್ವಲ್ಪ ತೂಗಾಡಬಹುದು ಅಂತ ಕೈಪಿಡಿ ಎಚ್ಚರಿಸುತ್ತದೆ. ಜೋರು ಅಡ್ಡಗಾಳಿಯಲ್ಲಿ ರನ್‌ವೇ ಉದ್ದಕ್ಕೆ ಸಾಕಾಗುವಷ್ಟು ಕಡಿಮೆ ಫ್ಲಾಪ್ ಬಳಸಿ ಅಂತಲೂ ಹೇಳುತ್ತದೆ.

ಈಗ ಪೈಪರ್ ಮಾತು. ಪಿಎ-28ರಲ್ಲಿ ಪೆಡಲ್ ಮತ್ತು ಮೂಗಿನ ಗಾಲಿಯ ನಡುವೆ ನೇರ ಜೋಡಣೆ. ಬಲ ರಡ್ಡರ್ ಹಿಡಿದೇ ಮೂಗು ಊರಿದರೆ ಬಲಕ್ಕೆ ತಿರುಗಿದ ಗಾಲಿಯೇ ನೆಲ ಮುಟ್ಟುತ್ತದೆ, ವಿಮಾನ ಬಲಕ್ಕೆ ಚಿಮ್ಮುತ್ತದೆ. ಮೂಗು ಇಳಿಯುವ ಕ್ಷಣಕ್ಕೆ ಪೆಡಲ್ ನಡುವಿಗೆ ತರಬೇಕು. ಸೆಸ್ನಾದಲ್ಲಿ ಸ್ಪ್ರಿಂಗ್ ಮೂಲಕ ಜೋಡಣೆ ಇದೆ, ಹಾರುವಾಗ ಸ್ಟ್ರಟ್ (ಮೂಗಿನ ಗಾಲಿಯ ಕಾಲು) ಪೂರ್ತಿ ಚಾಚಿಕೊಂಡಾಗ ಗಾಲಿ ನೇರಕ್ಕೆ ಲಾಕ್ ಆಗುತ್ತದೆ. ಹಾಗಾಗಿ ಅದು ಈ ತಪ್ಪನ್ನು ಸ್ವಲ್ಪ ಕ್ಷಮಿಸುತ್ತದೆ. 172ರಲ್ಲಿ ಕಲಿತು ಪೈಪರ್‌ಗೆ ಹೋದವರು ಬಲಕ್ಕೆ ಹೋದರೆ ಇದನ್ನೇ ಮೊದಲು ಕೇಳಿ.

ಗಾಳಿ ನಿಜಕ್ಕೂ ಎಷ್ಟಿತ್ತು?

"ಟವರ್ 12 ನಾಟ್ ಅಂತ ಹೇಳಿದ್ರು, ಲಿಮಿಟ್ 15 ಅಲ್ವಾ?" ಈ ವಾಕ್ಯದಲ್ಲಿ ಎರಡು ತಪ್ಪಿವೆ.

172ರ 15 ನಾಟ್ ಲಿಮಿಟ್ ಅಲ್ಲ. ಪರೀಕ್ಷೆಯ ವೇಳೆ ತಯಾರಕರ ಪೈಲಟ್ ಇಳಿಸಿ ತೋರಿಸಿದ ಅಡ್ಡಗಾಳಿ ಅದು. ಸೆಸ್ನಾ 152ಕ್ಕೆ 12, ಪೈಪರ್ ಆರ್ಚರ್‌ಗೆ 17. ಅಮೆರಿಕದ ಹಳೆಯ ಪ್ರಮಾಣೀಕರಣ ನಿಯಮ ಕೇಳುತ್ತಿದ್ದುದು ಕನಿಷ್ಠ ಸ್ಟಾಲ್ ವೇಗದ ಐದನೇ ಒಂದು ಭಾಗ ಮಾತ್ರ. ಅದಕ್ಕಿಂತ ಜಾಸ್ತಿಯಲ್ಲೂ ವಿಮಾನ ಇಳಿಯಬಹುದು. ಪರೀಕ್ಷಾ ಪೈಲಟ್‌ನ ಕೈ ನಿಮ್ಮ ವಿದ್ಯಾರ್ಥಿಗೆ ಇದೆಯಾ ಅನ್ನೋದೇ ಪ್ರಶ್ನೆ. ಶಾಲೆಗಳು ಸೋಲೋ ಹಾರುವವರಿಗೆ ಇದಕ್ಕಿಂತ ಬಹಳ ಕಡಿಮೆ ಮಿತಿ ಇಡುವುದು ಸುಮ್ನೆ ಅಲ್ಲ.

ಎರಡನೆಯದು ಗಸ್ಟ್. ಟವರ್ ಹೇಳುವುದು ಎರಡು ನಿಮಿಷದ ಸರಾಸರಿ, ಮೆಟಾರ್‌ನಲ್ಲಿ (ವಿಮಾನ ನಿಲ್ದಾಣದ ಹವಾಮಾನ ವರದಿ) ಬರುವುದು ಹತ್ತು ನಿಮಿಷದ ಸರಾಸರಿ. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ನಿಯಮದಂತೆ ಸಾಮಾನ್ಯವಾಗಿ ಸರಾಸರಿಗಿಂತ 10 ನಾಟ್ ಅಥವಾ ಹೆಚ್ಚು ಏರಿದರೆ ಮಾತ್ರ ಗಸ್ಟ್ ಅಂತ ಬರೆಯುತ್ತಾರೆ. ಸರಾಸರಿ 12 ಇದ್ದು ನಡುನಡುವೆ 21ಕ್ಕೆ ಏರುತ್ತಿದ್ದರೂ ವರದಿಯಲ್ಲಿ ಕಾಣುವುದು ಬರೀ 12. ಇದು ಗೊತ್ತಿಲ್ಲದೆ "ಗಸ್ಟ್ ಇರಲಿಲ್ಲ" ಅಂತ ತೀರ್ಪು ಕೊಟ್ಟ ಚರ್ಚೆಗಳು ಬೇಕಾದಷ್ಟು.

ಲೆಕ್ಕ ಒಂದು ಮಾಡಿ ನೋಡೋಣ. ಗಾಳಿ 210 ಡಿಗ್ರಿಯಿಂದ, 12 ನಾಟ್, ಗಸ್ಟ್ 24. ರನ್‌ವೇ 260 ಡಿಗ್ರಿ. ಕೋನ 50. ಅಡ್ಡ ಭಾಗ ಗಾಳಿಯ ವೇಗದ ಸುಮಾರು 0.77 ಪಟ್ಟು. ಅಂದರೆ ಸರಾಸರಿಯಲ್ಲಿ 9 ನಾಟ್, ಗಸ್ಟ್ ಬಂದಾಗ 18ಕ್ಕೂ ಸ್ವಲ್ಪ ಮೇಲೆ. ಸರಾಸರಿ ನೋಡಿ ನಿರ್ಧಾರ ಮಾಡಿದವನಿಗೆ ಎಲ್ಲ ಸರಿ, ಗಸ್ಟ್ ನೋಡಿದವನಿಗೆ 15 ದಾಟಿದೆ. ಬಾಯಿಲೆಕ್ಕಕ್ಕೆ ಗಡಿಯಾರ ಸಾಕು, ಡಿಗ್ರಿಯನ್ನು ನಿಮಿಷ ಅಂದುಕೊಳ್ಳಿ: 15 ಡಿಗ್ರಿಗೆ ಕಾಲು, 30ಕ್ಕೆ ಅರ್ಧ, 45ಕ್ಕೆ ಮುಕ್ಕಾಲು, 60ರ ಮೇಲೆ ಪೂರ್ತಿ. ಅಪ್ರೋಚ್ ವೇಗಕ್ಕೆ ಗಸ್ಟ್‌ನ ಏರಿಕೆಯ ಅರ್ಧ, ಇಲ್ಲಿ 6 ನಾಟ್, ಸೇರಿಸುವುದು ವಾಡಿಕೆ. ಅದಕ್ಕಿಂತ ಜಾಸ್ತಿ "ಇರಲಿ" ಅಂತ ಸೇರಿಸಿದ್ದೆಲ್ಲ ಫ್ಲೇರ್‌ನಲ್ಲಿ ತೇಲಾಟವಾಗಿ ವಾಪಸ್ ಬರುತ್ತದೆ.

ಜಕ್ಕೂರಿನ ಎತ್ತರ ಸುಮಾರು 3000 ಅಡಿ ಅನ್ನೋದನ್ನೂ ಮರೆಯಬೇಡಿ. 28 ಡಿಗ್ರಿ ಬಿಸಿಲಿನಲ್ಲಿ ವೇಗದ ಮೀಟರ್ 65 ನಾಟ್ ತೋರಿಸಿದರೆ ನಿಜವಾದ ವೇಗ 70ರ ಹತ್ತಿರ. ಸಮುದ್ರ ಮಟ್ಟದಲ್ಲಿ ಕಲಿತು ಬಂದ ಕಣ್ಣಿಗೆ ನೆಲ ಬೇಗ ಓಡಿದಂತೆ ಕಾಣುತ್ತದೆ, ಅವರು ಮೂಗೆತ್ತಿ ವೇಗ ಇಳಿಸಲು ಹೋಗುತ್ತಾರೆ. ಗಸ್ಟ್ ಇರುವ ದಿನ ಅದು ಅಪಾಯ. ಮರ, ಹ್ಯಾಂಗರ್, ಕಟ್ಟಡದ ಮರೆಯಲ್ಲಿ ಗಾಳಿ ಸುರುಳಿ ಸುತ್ತುವುದೂ ಇದೆ. ಇಳಿಯುವ ಜಾಗದ ಎಡಕ್ಕೆ ಏನಿದೆ ಅಂತ ನಿಂತು ನೋಡಿ. ಫ್ಲೇರ್ ಹಂತದಲ್ಲಿ ಆ ಮರೆ ಮುಗಿದು ಗಾಳಿ ಒಮ್ಮೆಗೇ ಬಡಿಯುವ ಜಾಗ ಸಿಕ್ಕರೆ, ಅಲ್ಲೇ ಹಿಂದೆ ಬೇರೆಯವರೂ ಎಳೆದಾಡಿರುವುದು ನೆನಪಿಗೆ ಬರಬಹುದು.

ಯಂತ್ರವನ್ನೂ ಬಿಡಬೇಡಿ

ಪೈಲಟ್‌ನನ್ನು ಬೈಯುವುದು ಅಗ್ಗ. ಅದಕ್ಕೇ ವಿಮಾನವನ್ನು ನೋಡುವುದು ಕೊನೆಗೆ ಉಳಿಯುತ್ತದೆ.

ಮೊದಲು ಸೀಟು. ಸೆಸ್ನಾದ ಸೀಟಿನ ರೈಲು ಸವೆದು ಪಿನ್ ಕೂರದೆ ಸೀಟು ಹಿಂದಕ್ಕೆ ಜಾರುವುದು ಹಳೆಯ ಕಾಯಿಲೆ. ಇದಕ್ಕೇ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಕಡ್ಡಾಯ ಪರೀಕ್ಷೆಯ ಆದೇಶ ಹೊರಡಿಸಿತು: ಎಡಿ 87-20-03, ಆಮೇಲೆ ಅದರ ಜಾಗಕ್ಕೆ 2011-10-09. ಸೀಟು ಜಾರದಿದ್ದರೂ ವಿದ್ಯಾರ್ಥಿ ಕುಳ್ಳಗಿದ್ದರೆ ಪೂರ್ತಿ ರಡ್ಡರ್ ಅವರ ಕಾಲಿಗೆ ಸಿಗುತ್ತದೆಯಾ ಅಂತ ನೋಡಿ. ಬಲ ಪೆಡಲ್ ಕೊನೆವರೆಗೂ ಒತ್ತಿಸಿ. ಮಂಡಿ ಸ್ವಲ್ಪ ಮಡಚಿರಬೇಕು. ಕಾಲು ನೆಟ್ಟಗಾಗಿ ಸೊಂಟ ಮುಂದೆ ಜಾರಿದರೆ ಬೆನ್ನ ಹಿಂದೆ ದಿಂಬು ಬೇಕು. ಎಷ್ಟೋ "ರಡ್ಡರ್ ಹಾಕದ" ಲ್ಯಾಂಡಿಂಗ್‌ಗಳಿಗೆ ಇಷ್ಟೇ ಸಾಕಾಗುತ್ತದೆ. ಹಿಮ್ಮಡಿ ನೆಲದ ಮೇಲೆ ಇದೆಯಾ ಅಂತಲೂ ನೋಡಿ. ಪಾದ ಮೇಲೆ ಇಟ್ಟುಕೊಂಡವರು ರಡ್ಡರ್ ಒತ್ತುವಾಗ ಗೊತ್ತಿಲ್ಲದೆ ಬ್ರೇಕೂ ಒತ್ತುತ್ತಾರೆ. ಮುಟ್ಟಿದ ಜಾಗದಿಂದಲೇ ನೇರ ಕಪ್ಪು ಗುರುತು ಇದ್ದರೆ ಅನುಮಾನವೇ ಬೇಡ.

ಟೈರಿನ ಗಾಳಿ ಎರಡೂ ಕಡೆ ಸಮ ಇರಬೇಕು. 172ಎಸ್‌ಗೆ ಮೇನ್ ವೀಲ್ 42 ಪಿಎಸ್‌ಐ, ಮೂಗಿನದು 45. ಮಳೆಯಲ್ಲಿ ಇದಕ್ಕೆ ಇನ್ನೊಂದು ಅರ್ಥ ಇದೆ. ನೀರಿನ ಮೇಲೆ ಟೈರು ತೇಲಲು ಶುರುವಾಗುವ ವೇಗ, ನಾಟ್‌ನಲ್ಲಿ, ಪಿಎಸ್‌ಐನ ವರ್ಗಮೂಲದ 9 ಪಟ್ಟು. 42ಕ್ಕೆ ಅದು 58 ನಾಟ್. ಟೈರಿನ ಗಾಳಿ 30 ಪಿಎಸ್‌ಐಗೆ ಇಳಿದಿದ್ದರೆ 49. ಅಂದರೆ ಸರಿಯಾದ ವೇಗದಲ್ಲಿ ಇಳಿದವನೂ ನೀರು ನಿಂತ ರನ್‌ವೇಯಲ್ಲಿ ಜಾರುತ್ತಾನೆ.

ಒಂದು ಬ್ರೇಕ್ ಸಣ್ಣಗೆ ಹಿಡಿದುಕೊಂಡೇ ಇದೆಯಾ ಅಂತ ತಿಳಿಯಲು ಜಾಕ್ ಹಾಕಿ ಗಾಲಿಯನ್ನು ಕೈಯಲ್ಲಿ ತಿರುಗಿಸಿ. ಗಾಳಿಯಿಲ್ಲದ ಬೆಳಗ್ಗೆಯೂ ಅದೇ ಕಡೆ ಎಳೆಯುತ್ತಿದ್ದರೆ ತಪ್ಪು ಗಾಳಿಯದ್ದಲ್ಲ, ಅಷ್ಟು ಸುಲಭದ ಪರೀಕ್ಷೆ. ಮೂಗಿನ ಸ್ಟ್ರಟ್‌ನಲ್ಲಿ ಒತ್ತಡ ಜಾಸ್ತಿ ತುಂಬಿದ್ದರೆ ನೆಲದಲ್ಲೂ ಚಾಚಿಕೊಂಡೇ ಇದ್ದು ಸ್ಟೀರಿಂಗ್ ತಡವಾಗಿ ಸಿಗುತ್ತದೆ. ಗಾಲಿ ಗಡಗಡ ನಡುಗಿದರೆ ಆ ನಡುಕ ತಡೆಯುವ ಶಿಮ್ಮಿ ಡ್ಯಾಂಪರ್ ಮತ್ತು ಟಾರ್ಕ್ ಲಿಂಕ್‌ನ ಬುಷ್ ನೋಡಿ. ಉಳಿದದ್ದು, ರಡ್ಡರ್ ಕೇಬಲ್‌ನ ಬಿಗಿ ಮತ್ತು ರಡ್ಡರ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯಾ ಅನ್ನೋದು, ನಿಮ್ಮ ಎಂಜಿನಿಯರ್‌ಗೆ ಗೊತ್ತು.

ಬಾಲಗಾಲಿ ವಿಮಾನಗಳು

ಸೂಪರ್ ಕಬ್ ಥರದ ವಿಮಾನಗಳಲ್ಲಿ ತೂಕದ ಕೇಂದ್ರ ಮೇನ್ ವೀಲ್‌ಗಳ ಹಿಂದಿದೆ. ಓರೆಯಾಗಿ ಮುಟ್ಟಿದರೆ 172 ತಾನೇ ನೇರ ಆಗಲು ನೋಡುತ್ತದೆ. ಇವು ಇನ್ನೂ ಓರೆಯಾಗುತ್ತವೆ, ಕೊನೆಗೆ ಬಾಲ ಮುಂದೆ ಬಂದು ಗ್ರೌಂಡ್ ಲೂಪ್. ಮೇಲೆ ಹೇಳಿದ ಗುರುತು ಓದುವ ಕ್ರಮ ಇಲ್ಲೂ ನಡೆಯುತ್ತದೆ, ಆದರೆ ಕ್ಷಮೆ ಇಲ್ಲ. ಇದಕ್ಕೆ ಪೂರಾ ಉಲ್ಟಾ ಉದಾಹರಣೆ ಎರ್ಕೂಪ್. 1940ರಲ್ಲಿ ಪ್ರಮಾಣಪತ್ರ ಪಡೆದ ಈ ಪುಟ್ಟ ಅಮೆರಿಕನ್ ವಿಮಾನಕ್ಕೆ ಮೂಲದಲ್ಲಿ ರಡ್ಡರ್ ಪೆಡಲೇ ಇರಲಿಲ್ಲ. ಕ್ರ್ಯಾಬ್‌ನಲ್ಲೇ ಬಂದು ಓರೆಯಾಗಿಯೇ ಮುಟ್ಟುವುದು, ಆಮೇಲೆ ಗಾಲಿಗಳೇ ಅದನ್ನು ನೇರ ಮಾಡುವುದು. 172ರಲ್ಲಿ ಅದನ್ನು ಅಭ್ಯಾಸ ಮಾಡಿಕೊಂಡರೆ ಟೈರು, ಗೇರ್ ಎರಡೂ ಬೇಗ ಬಿಲ್ ಕಳಿಸುತ್ತವೆ.

ಏನೂ ಆಗಿಲ್ಲ ಅಂತ ಹಾರಿಸುವ ಮೊದಲು

ಎಳೆದಾಡಿ ರನ್‌ವೇ ಮೇಲೇ ನಿಂತ ವಿಮಾನವನ್ನು ಅದೇ ಮಧ್ಯಾಹ್ನ ಮತ್ತೆ ಹಾರಿಸುವುದುಂಟು. ಬೇಡ. ಕೌಲಿಂಗ್ (ಎಂಜಿನ್‌ನ ಮುಚ್ಚಳ) ತೆಗೆದು ಫೈರ್‌ವಾಲ್‌ನ (ಎಂಜಿನ್ ಮತ್ತು ಕಾಕ್‌ಪಿಟ್ ನಡುವಿನ ಗೋಡೆ) ಕೆಳಭಾಗ ನೋಡಿ. ಮೂಗು ಬಡಿದ 172ರಲ್ಲಿ ಅಲ್ಲಿನ ತಗಡು ಸುಕ್ಕಾಗುತ್ತದೆ, ರಿವೆಟ್ ಸಡಿಲವಾಗುತ್ತದೆ. ಮೂಗಿನ ಗಾಲಿಯ ಫೋರ್ಕ್ ಬಾಗಿದೆಯಾ, ಮೇನ್ ಗೇರ್ ದೇಹಕ್ಕೆ ಸೇರುವ ಕಡೆ ಬಣ್ಣ ಬಿರಿದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಬಲ ರೆಕ್ಕೆತುದಿಯ ಕೆಳಗೆ ಕೈಯಾಡಿಸಿ.

ಪ್ರೊಪೆಲ್ಲರ್ ತುದಿಯಲ್ಲಿ ಹೊಸ ಗೀರು ಇದ್ದರೆ, ರನ್‌ವೇ ಮೇಲೆ ಸಮ ಅಂತರದ ಕಡಿತದ ಗುರುತುಗಳಿದ್ದರೆ, ಎಂಜಿನ್ ಸರಾಗವಾಗಿ ಓಡುತ್ತಿದೆ ಅನ್ನೋದು ಲೆಕ್ಕಕ್ಕೆ ಬರುವುದಿಲ್ಲ. ಪ್ರಾಪ್ ನೆಲಕ್ಕೆ ಬಡಿದ ಎಂಜಿನ್‌ಗೆ ಏನು ಮಾಡಬೇಕು ಅಂತ ಎಂಜಿನ್ ತಯಾರಕ ಲೈಕಮಿಂಗ್‌ನ ಸರ್ವಿಸ್ ಬುಲೆಟಿನ್ 533 ಹೇಳುತ್ತದೆ. ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಗೇರ್ ಮತ್ತು ಅದರ ಬೋಲ್ಟ್ ಪರೀಕ್ಷೆಗೆ ಎಡಿ 2004-10-14 ಬೇರೆ ಇದೆ. ಲಾಗ್‌ಬುಕ್‌ನಲ್ಲಿ ಬರೆಯಿರಿ, ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎಗೆ ತಿಳಿಸಬೇಕಾದ್ದನ್ನು ತಿಳಿಸಿ, ಎಂಜಿನಿಯರ್ ಸಹಿ ಆಗುವವರೆಗೂ ಕೀಲಿ ಆಫೀಸಿನಲ್ಲೇ ಇರಲಿ.